ಜನರಲ್ ಪ್ರಾಕ್ಟೀಸ್ ಸಂಶೋಧನೆ: ಉಡುಪಿ ಜಿಲ್ಲೆಯ ಆದ್ಯತೆಗಳು, ತೊಡಕುಗಳು

ಊರಿನ ಕ್ಲಿನಿಕ್‌ಗೆ ಬರುವ ಕಾಯಿಲೆಗಳನ್ನು ಅಲ್ಲಿಯ ಕುಟುಂಬ ವೈದ್ಯರೇ ದಾಖಲಿಸಿ, ವಿಶ್ಲೇಷಿಸುವ ಅಧ್ಯಯನವೇ ಜನರಲ್ ಪ್ರಾಕ್ಟೀಸ್ ಸಂಶೋಧನೆ. 1961ರಲ್ಲಿ ಅಮೆರಿಕದ ಕೆರ್ ವೈಟ್ ಮತ್ತು ಸಂಗಡಿಗರು ಒಂದು ಅಂದಾಜು ಕೊಟ್ಟರು: ಸಾವಿರ ವಯಸ್ಕರಲ್ಲಿ ತಿಂಗಳಿಗೆ 750 ಮಂದಿಗೆ ಏನಾದರೊಂದು ತೊಂದರೆ ಕಾಣುತ್ತದೆ, 250 ಮಂದಿ ವೈದ್ಯರ ಬಳಿ ಹೋಗುತ್ತಾರೆ, 9 ಮಂದಿ ಆಸ್ಪತ್ರೆ ಸೇರುತ್ತಾರೆ, ಒಬ್ಬರು ಮಾತ್ರ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ತಲುಪುತ್ತಾರೆ. ಸಂಶೋಧನೆ ಹೆಚ್ಚಾಗಿ ನಡೆಯುವುದು ಆ ಒಬ್ಬರ ಸುತ್ತ.

ಉಡುಪಿಯಲ್ಲಿ ವೈದ್ಯರಾಗಿದ್ದ ಡಾ. ಟಿ.ಎಂ.ಎ. ಪೈ 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ದೊಡ್ಡ ಪ್ರಯೋಗಾಲಯ ಇಷ್ಟು ಹತ್ತಿರದಲ್ಲಿರುವುದು ರಾಜ್ಯದ ಹೆಚ್ಚಿನ ತಾಲೂಕುಗಳಿಗಿಲ್ಲದ ಭಾಗ್ಯ. ಆದರೂ ಕಾಪು, ಕಾರ್ಕಳದ ರೋಗಿಗಳು ಮಣಿಪಾಲದ ಗುಡ್ಡ ಹತ್ತುವುದು ಬಹುಮಟ್ಟಿಗೆ ಕಾಯಿಲೆ ಬಲಿತ ಮೇಲೆಯೇ.

ಆದ್ಯತೆಯಲ್ಲಿ ಮೊದಲು ಬರಬೇಕಾದ್ದು ಇಲಿಜ್ವರ. ಮಳೆಗಾಲದಲ್ಲಿ ನಾಟಿಗೆ ಗದ್ದೆಗಿಳಿದವರ ಕಾಲಿನ ಸಣ್ಣ ಗಾಯವೇ ಸಾಕು, ಇಲಿ, ದನಗಳ ಮೂತ್ರ ಬೆರೆತ ನೀರಿನಿಂದ ಲೆಪ್ಟೊಸ್ಪೈರಾ ಬ್ಯಾಕ್ಟೀರಿಯಾ ಮೈಯೊಳಗೆ ಸೇರಲು. ಕಾಯಿಲೆಯ ಎರಡನೆಯ ದಿನ ಕ್ಲಿನಿಕ್‌ಗೆ ಬಂದಾಗ ಜ್ವರ, ಮೈಕೈ ನೋವು, ಕೆಂಪಗಾದ ಕಣ್ಣು, ಒತ್ತಿದರೆ ನೋಯುವ ಮೀನಖಂಡ. ಡೆಂಗಿಯೂ ಹೆಚ್ಚುಕಡಿಮೆ ಹೀಗೆಯೇ ಶುರುವಾಗುತ್ತದೆ. ರಕ್ತದ ಐಜಿಎಂ ಪರೀಕ್ಷೆಯಲ್ಲಿ ಇಲಿಜ್ವರ ಕಾಣಿಸಲು ಸಾಮಾನ್ಯವಾಗಿ ಐದಾರು ದಿನ ಬೇಕು. ಕೆಲವರಲ್ಲಿ ಮೂತ್ರಪಿಂಡ, ಯಕೃತ್ತು ಕೆಡುವುದೂ ಆ ಹೊತ್ತಿಗೇ. ಯಾರಿಗೆ ವರದಿಗೆ ಕಾಯದೆ ಡಾಕ್ಸಿಸೈಕ್ಲಿನ್ ಕೊಡಬೇಕು, ಯಾರನ್ನು ಕೂಡಲೇ ದೊಡ್ಡಾಸ್ಪತ್ರೆಗೆ ಕಳಿಸಬೇಕು? ಉತ್ತರಕ್ಕೆ ಆ ಎರಡನೆಯ ದಿನದ ಮಾಹಿತಿಯೇ ಬೇಕು, ಅದು ವಾರ್ಡಿನಲ್ಲಿ ಸಿಗದು. ಬಿಪಿ, ಶುಗರ್ ಮಾತ್ರೆಯನ್ನು ನಡುವೆಯೇ ಬಿಡುವವರು, ಬೀಡಿ ಕಟ್ಟುವ ಮತ್ತು ಗೇರುಬೀಜ ಕಾರ್ಖಾನೆಯಲ್ಲಿ ದುಡಿಯುವ ಹೆಂಗಸರ ಸೊಂಟನೋವು, ಕೆಮ್ಮು ಕೂಡ ಕ್ಲಿನಿಕ್ಕಿನಲ್ಲೇ ತಿಳಿಯಬೇಕಾದ ವಿಷಯಗಳು.

ತೊಡಕುಗಳಲ್ಲಿ ದೊಡ್ಡದು ದಾಖಲೆಯದು. ವೈದ್ಯರು ಬರೆದ ಚೀಟಿ ರೋಗಿಯ ಜೊತೆ ಮನೆಗೆ ಹೋಗುತ್ತದೆ. ಎಷ್ಟೋ ಕ್ಲಿನಿಕ್‌ಗಳಲ್ಲಿ ಅದರ ಪ್ರತಿ ಉಳಿಯುವುದಿಲ್ಲ. ಇಂಗ್ಲೆಂಡಿನ ವೆನ್ಸ್ಲಿಡೇಲ್ ಕಣಿವೆಯ ಹಳ್ಳಿ ವೈದ್ಯ ವಿಲಿಯಂ ಪಿಕಲ್ಸ್, ಯಾರಿಗೆ ಯಾವ ದಿನ ಕಾಯಿಲೆ ಶುರುವಾಯಿತೆಂದು ಬರೆದಿಟ್ಟೇ ಸಾಂಕ್ರಾಮಿಕ ಕಾಮಾಲೆಯ ಹರಡುವಿಕೆಯನ್ನು ಗುರುತಿಸಿ, 1939ರಲ್ಲಿ ಪುಸ್ತಕ ತಂದರು. ಅವರಿಗೆ ಯಂತ್ರೋಪಕರಣಗಳೇನೂ ಬೇಕಾಗಲಿಲ್ಲ. ಆದರೆ ಮಳೆಗಾಲದಲ್ಲಿ ಟೋಕನ್ ಹಿಡಿದು ಕಾಯುವವರ ಸಾಲಿನೆದುರು ಒಬ್ಬ ವೈದ್ಯರು ಅಷ್ಟು ಬರೆಯಬೇಕಾದರೆ ಜೊತೆಗೊಬ್ಬ ಸಹಾಯಕರು ಬೇಕು, ಅವರ ಸಂಬಳಕ್ಕೆ ಅನುದಾನ ಬೇಕು. ಒಪ್ಪಿಗೆ ಪತ್ರ, ಪ್ರಶ್ನಾವಳಿ ಕನ್ನಡದಲ್ಲಿದ್ದರೂ ರೋಗಿಯ ಮಾತು ತುಳು, ಕೊಂಕಣಿ ಅಥವಾ ಬ್ಯಾರಿ ಆಗಿರುವುದರಿಂದ ಪ್ರಶ್ನೆಗಳನ್ನು ಆ ಭಾಷೆಗಳಲ್ಲೂ ಮೊದಲೇ ಸಿದ್ಧಪಡಿಸಿಕೊಳ್ಳಬೇಕಾಗುತ್ತದೆ.

ಇಂಥ ಸಂಶೋಧನೆಗೆ ನೈತಿಕ ಸಮಿತಿಯ ಅನುಮತಿ ಸಿಗಲಾರದೆಂಬ ಅಂಜಿಕೆಗೆ ಅಷ್ಟು ಆಧಾರವಿಲ್ಲ. ತನ್ನದೇ ಸಮಿತಿ ಇಲ್ಲದ ಕಡೆ ಹೊಸ ಔಷಧಿಯ ಪ್ರಯೋಗ ನಡೆಸಲು ಕೂಡ, ಅದೇ ನಗರದ ಅಥವಾ 50 ಕಿ.ಮೀ. ಒಳಗಿನ ಬೇರೆ ಸಮಿತಿಯ ಒಪ್ಪಿಗೆ ಪಡೆಯಲು ಕೇಂದ್ರ ಸರ್ಕಾರದ 2019ರ ನಿಯಮಗಳಲ್ಲಿ ಅವಕಾಶವಿದೆ. ಕಾಪು, ಕಾರ್ಕಳ ಎರಡೂ ಕಾಲೇಜಿನ ಸಮಿತಿ ಇರುವ ಮಣಿಪಾಲದಿಂದ ಅಷ್ಟರೊಳಗೇ ಇವೆ.