ಇಂಚು, ಸೆಂಟಿನ ಮಳೆ ಲೆಕ್ಕ

ಮಾರ್ಚ್‌ನ ಒಂದು ರಾತ್ರಿ ಗುಡುಗಿ ಮಳೆಯಾದರೆ ಸಾಕು, ಸಕಲೇಶಪುರ, ಆಲೂರಿನ ಕಾಫಿ ತೋಟಗಳಲ್ಲಿ ಬೆಳಿಗ್ಗೆ ಫೋನುಗಳು ಶುರುವಾಗುತ್ತವೆ: ‘ನಿಮ್ಮಲ್ಲಿ ಎಷ್ಟು ಬಿತ್ತು?’ ಒಬ್ಬರದು ಎಂಬತ್ತು ಸೆಂಟ್, ಇನ್ನೊಬ್ಬರದು ಒಂದೂಕಾಲು ಇಂಚು. ನೂರು ಸೆಂಟಿಗೆ ಒಂದು ಇಂಚು. 1956ರ ಕಾಯ್ದೆಯಿಂದ ದೇಶವೆಲ್ಲ ಮೆಟ್ರಿಕ್ ಅಳತೆಗೆ ಹೊರಳಿದರೂ ಕಾಫಿ ಬೆಳೆಗಾರರ ಬಾಯಲ್ಲಿ ಮಳೆ ಇಂಚಿನಲ್ಲೇ ಉಳಿಯಿತು.

ಇದು ಬ್ರಿಟಿಷ್ ಪ್ಲಾಂಟರ್‌ಗಳ ಕಾಲದ ಬಳುವಳಿ. ಸಕಲೇಶಪುರ ತಾಲ್ಲೂಕು ಇನ್ನೂ ಮಂಜರಾಬಾದ್ ಎನಿಸಿಕೊಂಡಿದ್ದಾಗ, 1856ರಲ್ಲಿ, ರಾಬರ್ಟ್ ಎಲಿಯಟ್ ಎಂಬ ಪ್ಲಾಂಟರ್ ಇಲ್ಲಿ ಕಾಫಿ ಬೆಳೆಗಿಳಿದ. 38 ವರ್ಷಗಳ ಅನುಭವವನ್ನು 1894ರಲ್ಲಿ ಪುಸ್ತಕವಾಗಿಸಿದ. ಬೆಳಿಗ್ಗೆ ಮಳೆಮಾಪಕದ ನೀರನ್ನು ಗಾಜಿನ ಅಳತೆ ಕೊಳವೆಗೆ ಸುರಿದು, ಅಂಕಿಯನ್ನು ಪುಸ್ತಕಕ್ಕೆ ಹತ್ತಿಸುವುದು ತೋಟದ ಗುಮಾಸ್ತರಾದ ರೈಟರ್‌ಗಳ ಕೆಲಸವಾಯಿತು. ಹಾಗೆ ಬರೆದಿಡಲು ಇಂದಿಗೂ ಬಲವಾದ ಕಾರಣವಿದೆ. ರೋಬಸ್ಟಾ ಮೊಗ್ಗು ಚೆನ್ನಾಗಿ ಅರಳಲು ಸುಮಾರು ಒಂದು ಇಂಚಿನ ಹೂಮಳೆ ಬೇಕು, ಅದಾದ ಕೆಲವು ವಾರಗಳಲ್ಲಿ ಅದಕ್ಕೆ ಬೆಂಬಲವಾಗಿ ಬ್ಯಾಕಿಂಗ್ ಮಳೆಯೂ ಬೇಕು. ಸಾಲದಿದ್ದರೆ ಸ್ಪ್ರಿಂಕ್ಲರ್ ಹಚ್ಚಬೇಕು. ತಡಮಾಡಿದರೆ ಮುಂದಿನ ಫಸಲಿಗೇ ಪೆಟ್ಟು.

ಅಂಕಿ ನೋಡಿ ಸಲಹೆ ಕೊಡಲೆಂದು ಇಂಥ ದಾಖಲೆಯನ್ನು ಈಗ ಎಐ ಸಹಾಯಕನಿಗೆ ಜೋಡಿಸುವುದು ಸುಲಭ. ಮೊದಲು ಒಂದೊಂದು ಎಐಗೂ ಬೇರೆಬೇರೆ ಜೋಡಣೆ ಬರೆಯಬೇಕಿತ್ತು. 2024ರ ನವೆಂಬರ್‌ನಲ್ಲಿ ಆಂಥ್ರೋಪಿಕ್ ಕಂಪನಿ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ (ಎಂಸಿಪಿ) ಎಂಬ ಒಪ್ಪಂದವನ್ನು ಮುಕ್ತವಾಗಿ ಹೊರತಂದಿತು. ಅದರಂತೆ ದಾಖಲೆಯನ್ನು ಒದಗಿಸುವ ಒಂದು ಸರ್ವರ್ ಬರೆದಿಟ್ಟರೆ ಆ ಒಪ್ಪಂದ ಪಾಲಿಸುವ ಯಾವ ಎಐಯೂ ಅದನ್ನು ಬಳಸಬಹುದು.

ಅದನ್ನು ಬರೆಯುವ ಮುಕ್ತ ಸಲಕರಣೆಗಳು ಹಲವು. ಪೈಥಾನ್‌ನಲ್ಲಿ ಜೆರೆಮಿಯಾ ಲೋವಿನ್ ಕಟ್ಟಿದ ಫಾಸ್ಟ್‌ಎಂಸಿಪಿ ಎಲ್ಲಕ್ಕಿಂತ ಹಗುರ. ಸಾಮಾನ್ಯ ಫಂಕ್ಷನ್ ಮೇಲೆ ಒಂದು ಗುರುತು ಹಾಕಿದರೆ ಅದು ಎಐ ಬಳಸಬಲ್ಲ ಟೂಲ್ ಆಗುತ್ತದೆ. ಒಳಗೆ ಬರೆದ ವಿವರಣೆಯೇ ಎಐ ಓದುವ ಕೈಪಿಡಿ. ಫಾಸ್ಟ್‌ಎಂಸಿಪಿಯ ಮೊದಲ ರೂಪ ಎಂಸಿಪಿಯ ಅಧಿಕೃತ ಪೈಥಾನ್ ಕಿಟ್ಟಿನೊಳಗೇ ಸೇರಿಕೊಂಡಿತು. ಮುಂದಿನ ಆವೃತ್ತಿಗಳು ಬೇರೆಯಾಗಿ ಬೆಳೆದವು. ಹಲವು ಸರ್ವರ್‌ಗಳನ್ನು ಒಂದಾಗಿ ಹೊಂದಿಸುವ ಅನುಕೂಲವೂ ಅವುಗಳಲ್ಲಿದೆ. ಟೈಪ್‌ಸ್ಕ್ರಿಪ್ಟ್ ಕಿಟ್ಟಿನಲ್ಲಿ ಝೋಡ್ ಲೈಬ್ರರಿಯಿಂದ ಒಳಬರುವ ಮಾಹಿತಿಯ ಆಕಾರವನ್ನು ಬಿಡಿಸಿ ಹೇಳಬೇಕು. ಕೆಲಸ ತುಸು ಹೆಚ್ಚು, ಹಿಡಿತವೂ ಹೆಚ್ಚು. ಒಂದು ತೋಟದ ಲೆಕ್ಕಕ್ಕೆ ಪೈಥಾನ್ ದಾರಿಯೇ ಸಲೀಸು.

ಆದರೆ ಅಳತೆಯ ಮಾನವನ್ನು ಬರೆಯಲೇಬೇಕೆಂದು ಎರಡೂ ಒತ್ತಾಯಿಸುವುದಿಲ್ಲ. ನಿಜವಾದ ಅಪಾಯ ಇರುವುದು ಇಲ್ಲಿ. ಪುಸ್ತಕದಲ್ಲಿ ಬರೀ 80 ಎಂದಿದ್ದರೆ ರೈಟರ್‌ಗೆ ಅದು ಸೆಂಟ್ ಎಂದು ಗೊತ್ತು, ಅಂದರೆ 20.32 ಮಿಲಿಮೀಟರ್. ಎಐ ಅದನ್ನು 80 ಮಿಲಿಮೀಟರ್ ಎಂದುಕೊಂಡರೆ ಮಳೆ ಮೂರು ಇಂಚು ದಾಟುತ್ತದೆ. ಹೂಮಳೆ ಸಾಕಷ್ಟಾಯಿತು, ಸ್ಪ್ರಿಂಕ್ಲರ್ ಬೇಡ ಎಂದು ಅದು ಹೇಳಬಹುದು. ಎಂಸಿಪಿ ಇನ್‌ಸ್ಪೆಕ್ಟರ್ ಎಂಬ ಮತ್ತೊಂದು ಮುಕ್ತ ಸಲಕರಣೆ ಈ ಹಂತದಲ್ಲಿ ಬಹಳ ಉಪಯುಕ್ತ. ಟೂಲ್‌ನ ವಿವರಣೆ, ಉತ್ತರ ಎರಡನ್ನೂ ಎಐಗೆ ಒಪ್ಪಿಸುವ ಮೊದಲೇ ಬ್ರೌಸರ್‌ನಲ್ಲಿ ತೆರೆದು ನೋಡಬಹುದು. ಸರ್ಕಾರಿ ಮಳೆ ಅಂಕಿಗಳು ಬರುವುದು ಮಿಲಿಮೀಟರ್‌ನಲ್ಲಿ. ಅವನ್ನೂ ತೋಟದ ಪುಸ್ತಕವನ್ನೂ ಒಂದೇ ಸರ್ವರ್‌ಗೆ ತರುವವರು ಎರಡಕ್ಕೂ ಬೇರೆ ಟೂಲ್ ಇಟ್ಟು, ಮಾನವನ್ನು ಹೆಸರಿನಲ್ಲೇ ಸೇರಿಸುವುದು ಒಳ್ಳೆಯದು.