ಮಿತವ್ಯಯಿಯಾದ ಶ್ರೋತೃವೂ ಸಂಗೀತದ ಪೆಟ್ಟಿಗೆಯೂ

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅವುಗಳನ್ನು ನಿರ್ಮಿಸಿದವರ ಪಕ್ಷದಲ್ಲಿ ನಿಂತು ಬರೆಯುತ್ತಾರೆಯೇ ಹೊರತು, ಅಂಗಡಿಯ ಗಾಜಿನಾಚೆಗೆ ಇರಿಸಿದ ಪೆಟ್ಟಿಗೆಯ ಬೆಲೆಚೀಟಿಯನ್ನು ಓದಿ, ತಿಂಗಳ ಖರ್ಚುವೆಚ್ಚವನ್ನು ಮನಸ್ಸಿನಲ್ಲಿಯೇ ಕೂಡಿ ಕಳೆದು, ಬರಿಗೈಯಲ್ಲಿ ಹಿಂದಿರುಗಿದ ರಸಿಕನ ಪಕ್ಷದಲ್ಲಿ ನಿಂತು ಬರೆಯುವುದು ವಿರಳ. ಆದರೆ ಮನೆಯಲ್ಲಿ ಕುಳಿತು ಸಂಗೀತವನ್ನು ಅದರ ಪೂರ್ಣಸ್ವರೂಪದಲ್ಲಿ ಕೇಳಬೇಕೆಂಬ ಅಭಿಲಾಷೆಗೆ ಆಧಾರವಾದ ಉಪಕರಣಗಳು ಈ ಶತಮಾನದಲ್ಲಿ ಹೇಗೆ ಮಾರ್ಪಟ್ಟವೆಂಬುದನ್ನು ತಿಳಿಯಬೇಕಾದರೆ ಈ ಎರಡನೆಯವನ ಜಾಡನ್ನು ಹಿಡಿಯುವುದೇ ಲೇಸು. ಏಕೆಂದರೆ ಐಶ್ವರ್ಯವಂತನು ಯಾವ ಕಾಲದಲ್ಲಿಯೂ ಉತ್ತಮವಾದುದನ್ನು ಕೊಳ್ಳಬಲ್ಲವನಾಗಿದ್ದನು, ಅದು ಕೆಟ್ಟರೆ ಇನ್ನೊಂದನ್ನು ಕೊಳ್ಳಬಲ್ಲವನೂ ಆಗಿದ್ದನು. ಒಮ್ಮೆ ಕೊಂಡದ್ದು ಹತ್ತು ವರ್ಷ ಬಾಳಬೇಕೆಂಬ ಚಿಂತೆ ಇದ್ದುದು ಅಲ್ಪಧನನಿಗೆ ಮಾತ್ರ.

1982ರ ಅಕ್ಟೋಬರ್ 1ರಂದು ಸೋನಿ ಸಂಸ್ಥೆಯು ಜಪಾನಿನಲ್ಲಿ ಸಿಡಿಪಿ-101 ಎಂಬ ಕಾಂಪ್ಯಾಕ್ಟ್ ಡಿಸ್ಕ್ ಪ್ಲೇಯರನ್ನು ಮಾರಾಟಕ್ಕಿಟ್ಟಾಗ ಅದರ ಬೆಲೆ 1,68,000 ಯೆನ್. ನಾದವನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಒಂದೊಂದು ಅಳತೆಯನ್ನೂ 16 ಬಿಟ್‌ಗಳ ಸಂಖ್ಯೆಯಾಗಿ ಬರೆದಿಡುವ ಆ ಪದ್ಧತಿಯು ಸೂಜಿಯ ಘರ್ಷಣೆಯನ್ನೂ ಟೇಪಿನ ಭುಸುಗುಟ್ಟುವಿಕೆಯನ್ನೂ ಒಂದೇ ಏಟಿಗೆ ನಿವಾರಿಸಿತು. ನಮ್ಮ ನಾಡಿನ ಮನೆಗಳಲ್ಲಾದರೋ ಆಗ ಕ್ಯಾಸೆಟ್ಟಿನ ಪ್ರಭುತ್ವ. ಸಿಡಿಯು ಮಧ್ಯಮವರ್ಗದ ಕೈಗೆಟುಕುವ ವೇಳೆಗೆ ಅದರ ಉತ್ತರಾಧಿಕಾರಿಯು ಆಗಲೇ ಹುಟ್ಟಿ ಬೆಳೆಯುತ್ತಿದ್ದಿತು.

ಆ ಉತ್ತರಾಧಿಕಾರಿಯ ಜನ್ಮಸ್ಥಳಗಳಲ್ಲಿ ಮುಖ್ಯವಾದುದು ಜರ್ಮನಿಯ ಎರ್ಲಾಂಗೆನ್ ನಗರದ ಫ್ರಾನ್‌ಹೋಫರ್ ಸಂಸ್ಥೆ. ಸಿಡಿಯ ಸಂಗೀತವು ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್‌ಗಳಷ್ಟು ಸ್ಥಳವನ್ನು ಬೇಡುತ್ತಿದ್ದರೆ, ಮನುಷ್ಯನ ಕಿವಿಯು ಹೇಗೂ ಗುರುತಿಸದ ಅಂಶಗಳನ್ನು ತೊರೆದು ಅದನ್ನು 128 ಕಿಲೋಬಿಟ್‌ಗಳಿಗೆ ಇಳಿಸಬಹುದೆಂಬುದೇ ಎಂಪಿ3 ಎಂಬ ವಿಧಾನದ ಪ್ರತಿಜ್ಞೆ. ನಾಲ್ಕು ನಿಮಿಷದ ಹಾಡೊಂದು 42 ಮೆಗಾಬೈಟಿನಿಂದ ನಾಲ್ಕಕ್ಕೆ ಇಳಿಯಿತು. ಕಿವಿಯು ಗುರುತಿಸದೆಂಬ ಮಾತು ಸಂಪೂರ್ಣವಾಗಿ ಸತ್ಯವಾಗಿರಲಿಲ್ಲ. ತಂಬೂರಿಯ ಶ್ರುತಿಯ ಮೇಲ್ಪದರಗಳನ್ನೂ ತಾಳದ ಕಂಚಿನ ಝೇಂಕಾರವನ್ನೂ ಆ ಕಾಲದ ಅವಸರದ ಎಂಪಿ3 ಕಡತಗಳಲ್ಲಿ ಕೇಳಿದವರು ನೀರು ಬೆರೆಸಿದ ಹಾಲನ್ನು ಕುಡಿದವರಂತೆ ಮುಖವನ್ನು ಸಿಂಡರಿಸಿದುದುಂಟು. ಆ ದೋಷಕ್ಕೆ ಪರಿಹಾರವೂ ಬೇಗನೆ ದೊರೆಯಿತು. ಒಂದು ಬಿಟ್ಟನ್ನೂ ಕಳೆಯದೆ ಕಡತವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಮಡಿಸಿಡುವ ಫ್ಲ್ಯಾಕ್ ಎಂಬ ಮುಕ್ತ ವಿಧಾನವು 2001ರಲ್ಲಿ ಬಳಕೆಗೆ ಬಂದಿತು. ಅದಕ್ಕೆ ಯಾರಿಗೂ ರಾಜಧನವನ್ನು ತೆರಬೇಕಾಗಿರಲಿಲ್ಲ.

ಹೀಗೆ ಸಂಗೀತವೆಲ್ಲವೂ ಕಂಪ್ಯೂಟರಿನ ಹಾರ್ಡ್ ಡಿಸ್ಕಿನೊಳಗೆ ಶೇಖರಗೊಂಡಿತೇನೋ ಸರಿ. ಆದರೆ ಕಂಪ್ಯೂಟರು ಇದ್ದುದು ಓದುವ ಕೋಣೆಯಲ್ಲಿ, ಆಂಪ್ಲಿಫೈಯರೂ ಸ್ಪೀಕರುಗಳೂ ಇದ್ದುದು ನಡುಮನೆಯಲ್ಲಿ. ಕಂಪ್ಯೂಟರನ್ನೇ ನಡುಮನೆಗೆ ತಂದಿಟ್ಟರೆ ಅದರ ಫ್ಯಾನಿನ ಗುಂಯ್‌ಗುಡುವಿಕೆಯು ವಿಳಂಬಕಾಲದ ಆಲಾಪನೆಗೆ ಬೇಡದ ಶ್ರುತಿಯಾಗುತ್ತಿದ್ದಿತು. ಜೇಬಿನಲ್ಲಿಟ್ಟುಕೊಂಡು ತಿರುಗುವ ಪ್ಲೇಯರುಗಳ ವಿಷಯವನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಅವು ಕೋಟ್ಯಂತರ ಮಾರಾಟವಾದುವು, ಆದರೆ ಮನೆಯ ಹೈ-ಫೈಗೆ ಅವುಗಳಿಂದ ಆದ ಉಪಕಾರ ಸ್ವಲ್ಪವೇ.

ಈ ಎರಡು ಕೋಣೆಗಳ ನಡುವಣ ಅಂತರವನ್ನು ದಾಟಿಸಿದ ಪ್ರಯತ್ನಗಳಲ್ಲಿ ನನಗೆ ಅತ್ಯಂತ ಸ್ವಾರಸ್ಯವಾಗಿ ತೋರುವುದು ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂ ಎಂಬಲ್ಲಿ ಶಾನ್ ಆಡಮ್ಸ್ ಎಂಬಾತನು ಸ್ಥಾಪಿಸಿದ ಸ್ಲಿಮ್ ಡಿವೈಸಸ್ ಎಂಬ ಪುಟ್ಟ ಸಂಸ್ಥೆಯದು. 2001ರಲ್ಲಿ ಅದು ಹೊರತಂದ ಸ್ಲಿಂಪಿ3 ಎಂಬ ಉಪಕರಣವು ನೋಟಕ್ಕೆ ಅತಿ ಸಾಮಾನ್ಯ: ಹಿಂಬದಿಯಲ್ಲಿ ನೆಟ್‌ವರ್ಕಿನ ತಂತಿಗೊಂದು ರಂಧ್ರ, ಆಂಪ್ಲಿಫೈಯರಿಗೆ ಹೋಗುವ ಎರಡು ಆರ್‌ಸಿಎ ತೂತುಗಳು, ಮುಂಬದಿಯಲ್ಲಿ ಸಾಲಿಗೆ ನಲವತ್ತರಂತೆ ಎರಡು ಸಾಲು ಅಕ್ಷರಗಳು ಹೊಳೆಯುವ ಪಟ್ಟಿ, ಕೈಯಲ್ಲೊಂದು ರಿಮೋಟು. ಸಂಗೀತವನ್ನು ಕೂಡಿಡಲು ಅದರೊಳಗೆ ಡಿಸ್ಕು ಇರಲಿಲ್ಲ, ತಿರುಗುವ ಭಾಗ ಯಾವುದೂ ಇರಲಿಲ್ಲ. ಯಾವ ಹಾಡು, ಯಾವ ಕ್ರಮ, ಪಟ್ಟಿಯ ಮೇಲೆ ಯಾವ ಅಕ್ಷರ ಎಂಬುದನ್ನೆಲ್ಲ ಓದುವ ಕೋಣೆಯ ಕಂಪ್ಯೂಟರಿನಲ್ಲಿ ನಡೆಯುತ್ತಿದ್ದ ಸರ್ವರ್ ಎಂಬ ತಂತ್ರಾಂಶವೇ ನಿರ್ಧರಿಸಿ, ಪೆಟ್ಟಿಗೆಗೆ ಅಪ್ಪಣೆ ಕೊಡುತ್ತಿದ್ದಿತು. ಪೆಟ್ಟಿಗೆಯು ಆಜ್ಞಾಧಾರಕ ಮಾತ್ರ. ಉಪಕರಣವು ಸರಳವಾದಷ್ಟೂ ಕೆಡುವ ಸಂಭವ ಕಡಿಮೆ, ಬೆಲೆಯೂ ಕಡಿಮೆ ಎಂಬ ಲೆಕ್ಕಾಚಾರವು ಇದರ ಹಿಂದೆ ಇದ್ದಿತು.

ಇದಕ್ಕಿಂತಲೂ ಮುಖ್ಯವಾದುದೆಂದರೆ, ಪರ್ಲ್ ಭಾಷೆಯಲ್ಲಿ ರಚಿತವಾಗಿದ್ದ ಆ ಸರ್ವರಿನ ಮೂಲಪಾಠವನ್ನು ಸಂಸ್ಥೆಯು ಸಾರ್ವಜನಿಕರ ಮುಂದೆ ತೆರೆದಿಟ್ಟಿತು. ಯಾರು ಬೇಕಾದರೂ ಓದಬಹುದಾಗಿದ್ದಿತು, ತಿದ್ದಬಹುದಾಗಿದ್ದಿತು, ತಮ್ಮ ತಿದ್ದುಪಡಿಯನ್ನು ಇತರರಿಗೆ ಹಂಚಬಹುದಾಗಿದ್ದಿತು. ಪೆಟ್ಟಿಗೆಯನ್ನು ಮಾರುವ ವರ್ತಕನು ಪೆಟ್ಟಿಗೆಯ ಬುದ್ಧಿಯನ್ನು ಪುಕ್ಕಟೆಯಾಗಿ ಹಂಚುವುದು ವ್ಯಾಪಾರಧರ್ಮಕ್ಕೆ ವಿಪರೀತವೆಂದು ತೋರಬಹುದು. ಆದರೂ ಹಾಗೆ ಹಂಚಿದುದರಿಂದಲೇ ದೇಶದೇಶಗಳ ಪ್ರೋಗ್ರಾಮರುಗಳು ವೇತನವಿಲ್ಲದೆ ಅದಕ್ಕಾಗಿ ದುಡಿದರು.

2003ರಲ್ಲಿ ಸ್ಕ್ವೀಜ್‌ಬಾಕ್ಸ್ ಎಂಬ ಹೆಸರಿನಿಂದ ಮುಂದಿನ ಮಾದರಿಯು ಬಂದಿತು. ತಂತಿಯಿಲ್ಲದೆಯೂ ಸಂಗೀತವನ್ನು ಸೆಳೆಯುವ ಶಕ್ತಿ, ಅಂಕೆಯನ್ನು ವಿದ್ಯುತ್ತರಂಗವಾಗಿ ಮಾರ್ಪಡಿಸುವ ಡ್ಯಾಕ್ ಎಂಬ ಬೇರೊಂದು ಅಂಗಕ್ಕೆ ಅಂಕೆಗಳನ್ನು ಯಥಾವತ್ತಾಗಿ ಒಪ್ಪಿಸುವ ಡಿಜಿಟಲ್ ನಿರ್ಗಮ ಇವೆಲ್ಲವೂ ಕ್ರಮೇಣ ಸೇರಿದುವು. 2006ರಲ್ಲಿ ಟ್ರಾನ್ಸ್‌ಪೋರ್ಟರ್ ಎಂಬ 1,999 ಡಾಲರುಗಳ ವೈಭವದ ಮಾದರಿಯೂ ಹೊರಬಿದ್ದಿತು, ಅದು ನಮ್ಮ ಕಥಾನಾಯಕನಿಗೆ ಸಂಬಂಧಿಸಿದ್ದಲ್ಲ. ಅದೇ ವರ್ಷ ಮೌಸು, ಕೀಬೋರ್ಡುಗಳಿಗೆ ಹೆಸರಾದ ಲಾಜಿಟೆಕ್ ಸಂಸ್ಥೆಯು ಸುಮಾರು 2 ಕೋಟಿ ಡಾಲರುಗಳಿಗೆ ಸ್ಲಿಮ್ ಡಿವೈಸಸ್ಸನ್ನು ಕೊಂಡುಕೊಂಡಿತು. 2010ರಲ್ಲಿ ಸುಮಾರು 300 ಡಾಲರಿಗೆ ಬಂದ ಸ್ಕ್ವೀಜ್‌ಬಾಕ್ಸ್ ಟಚ್ ಎಂಬುದು ಈ ವಂಶದಲ್ಲಿಯೇ ಶ್ರೇಷ್ಠವೆಂದು ಬಲ್ಲವರು ಹೇಳುತ್ತಾರೆ. ಅದನ್ನು ನಾನೂ ಒಪ್ಪುತ್ತೇನೆ. ಎರಡು ವರ್ಷ ಕಳೆಯುವಷ್ಟರಲ್ಲಿ, ಅಂದರೆ 2012ರಲ್ಲಿ, ಸಂಸ್ಥೆಯು ಇಡೀ ವಂಶಕ್ಕೆ ಮಂಗಳ ಹಾಡಿತು.

ಸಾಧಾರಣವಾಗಿ ಇಂತಹ ಸಂದರ್ಭದಲ್ಲಿ ಪೆಟ್ಟಿಗೆಗಳು ಅಟ್ಟವನ್ನು ಸೇರುತ್ತವೆ. ಇಲ್ಲಿ ಹಾಗಾಗಲಿಲ್ಲ. ಮೂಲಪಾಠವು ತೆರೆದೇ ಇದ್ದುದರಿಂದ ಅಭಿಮಾನಿಗಳು ಸರ್ವರನ್ನು ವರ್ಷ ವರ್ಷವೂ ದುರಸ್ತಿ ಮಾಡುತ್ತ ಬಂದರು. 2024ರಲ್ಲಿ ಸಂಸ್ಥೆಯ ಅಂತರ್ಜಾಲ ಸೇವೆಯೂ ಮುಚ್ಚಿದಾಗ ಅದೇ ತಂತ್ರಾಂಶವು ಲಿರಿಯಾನ್ ಎಂಬ ಹೊಸ ಹೆಸರಿನಿಂದ ಮುಂದುವರಿಯಿತು. ಹದಿನೈದು ವರ್ಷ ಮೀರಿದ ಸ್ಕ್ವೀಜ್‌ಬಾಕ್ಸುಗಳು ಅದರ ಅಪ್ಪಣೆಯಂತೆ ಇಂದಿಗೂ ಹಾಡುತ್ತಿವೆ.

ಇನ್ನೊಂದು ದಾರಿಯ ಕಥೆಯನ್ನು ಇದರ ಪಕ್ಕದಲ್ಲಿರಿಸಿ ನೋಡಬೇಕು. 2004ರಲ್ಲಿ ಆಪಲ್ ಸಂಸ್ಥೆಯು 129 ಡಾಲರಿಗೆ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಎಂಬ, ಗೋಡೆಯ ಪ್ಲಗ್ಗಿಗೆ ನೇರವಾಗಿ ಸಿಕ್ಕಿಸುವ ಸಾಧನವನ್ನು ತಂದಿತು. 2015ರಲ್ಲಿ ಗೂಗಲ್ ಸಂಸ್ಥೆಯು ಕ್ರೋಮ್‌ಕಾಸ್ಟ್ ಆಡಿಯೋ ಎಂಬ, ಅಂಗೈಯಲ್ಲಿ ಮುಚ್ಚಿಡಬಹುದಾದ ದುಂಡನೆಯ ಬಿಲ್ಲೆಯನ್ನು ಕೇವಲ 35 ಡಾಲರಿಗೆ ಮಾರಿತು. ಅದರ ಒಂದೇ ತೂತಿನಿಂದ ಸಾಧಾರಣ ತಂತಿಯ ಮೂಲಕವೂ ಬೆಳಕಿನ ಎಳೆಯ ಮೂಲಕವೂ ಸಂಗೀತವನ್ನು ಪಡೆಯಬಹುದಾಗಿದ್ದಿತು. ಮಿತವ್ಯಯಿಗೆ ಇದಕ್ಕಿಂತ ಮಿಗಿಲಾದ ಭಾಗ್ಯವಿಲ್ಲವೆಂದು ಹಲವರು ಮೂರು ನಾಲ್ಕನ್ನು ಒಟ್ಟಿಗೇ ಕೊಂಡು ಕೋಣೆಗೊಂದರಂತೆ ಇರಿಸಿಕೊಂಡರು. 2019ರ ಆರಂಭದಲ್ಲಿ ಅದರ ತಯಾರಿಕೆ ನಿಂತಿತು. 2025ರ ಮಾರ್ಚ್ ತಿಂಗಳಿನಲ್ಲಿ ಒಂದು ದಿನ, ಯಾವ ಭಾಗವೂ ಸುಡದೆ, ಯಾವ ತಂತಿಯೂ ಕಡಿಯದೆ, ಆ ಬಿಲ್ಲೆಗಳು ಜಗತ್ತಿನಾದ್ಯಂತ ಏಕಕಾಲದಲ್ಲಿ ಕೆಲಸ ನಿಲ್ಲಿಸಿದುವು. ಅವುಗಳ ಪ್ರಾಮಾಣ್ಯವನ್ನು ಸಾರುವ ಡಿಜಿಟಲ್ ಪ್ರಮಾಣಪತ್ರವೊಂದರ ಹತ್ತು ವರ್ಷಗಳ ಅವಧಿಯು ಮುಗಿದಿದ್ದಿತು. ಕೆಲವು ದಿನಗಳಲ್ಲಿಯೇ ಸಂಸ್ಥೆಯು ಪರಿಹಾರವನ್ನು ಕಳುಹಿಸಿತೆಂಬುದು ನಿಜ. ಆದರೆ ತನ್ನ ಹಣ ಕೊಟ್ಟು ಕೊಂಡ ವಸ್ತುವಿನ ಆಯುಷ್ಯವು ಪರದೇಶದ ಒಂದು ಕಡತದಲ್ಲಿ ಬರೆದಿಟ್ಟಿತ್ತೆಂಬುದು ಕೊಂಡವನಿಗೆ ತಿಳಿದುದು ಆ ದಿನವೇ. ಧ್ವನಿ ಹೇಗಿದೆ ಎಂದು ಮಾತ್ರ ವಿಚಾರಿಸಿ ಪ್ಲೇಯರನ್ನು ಆರಿಸುವ ರೂಢಿಯು ಅಪೂರ್ಣವೆಂದು ನಾನು ಭಾವಿಸುವುದು ಇದಕ್ಕಾಗಿಯೇ: ಅದರ ಬುದ್ಧಿಯು ಯಾರ ಮನೆಯಲ್ಲಿದೆ ಎಂಬುದನ್ನು ಮೊದಲು ಕೇಳಬೇಕು.

ಧ್ವನಿಯ ವಿಷಯದಲ್ಲಾದರೋ ಬಡವನ ಭಯವು ಬಹುಮಟ್ಟಿಗೆ ನೀಗಿದೆ. ಮೇಲೆ ಹೇಳಿದ ಡ್ಯಾಕ್ ಒಂದು ಕಾಲದಲ್ಲಿ ಶ್ರೀಮಂತರ ಕಪಾಟಿನ ಆಭರಣ. ಈಗ ಆಪಲ್ ಸಂಸ್ಥೆಯೇ ಫೋನಿಗಾಗಿ 9 ಡಾಲರಿಗೆ ಮಾರುವ ಬಾಲದಂತಹ ಅಡಾಪ್ಟರಿನೊಳಗಿನ ಡ್ಯಾಕ್ ಕೂಡ ಅಳತೆಯ ಯಂತ್ರದ ಮುಂದೆ ಗೌರವದಿಂದ ತೇರ್ಗಡೆಯಾಗುತ್ತದೆ. ಹೆಚ್ಚಿನ ಹಣವು ಕೈಯಲ್ಲಿದ್ದರೆ ಅದನ್ನು ಸ್ಪೀಕರಿಗೆ ವಿನಿಯೋಗಿಸುವುದು ಉಚಿತ. ಬೆಳ್ಳಿಯ ತಂತಿಯ ಮಹಿಮೆಯನ್ನು ಕುರಿತು ವಾದಿಸುವ ಮಹನೀಯರ ಸಹವಾಸವನ್ನು ನಾನು ಬಲ್ಲೆ. ಅವರು ಕಾಫಿಯನ್ನು ಉತ್ತಮವಾಗಿ ಮಾಡುತ್ತಾರೆ.

ಸ್ಕ್ವೀಜ್‌ಬಾಕ್ಸಿನ ವಂಶವು ಅಸ್ತಂಗತವಾದ 2012ರಲ್ಲಿಯೇ, ಫೆಬ್ರವರಿ 29ರಂದು, ಇಂಗ್ಲೆಂಡಿನ ಕೇಂಬ್ರಿಜ್‌ನಿಂದ ರಾಸ್ಪ್‌ಬೆರಿ ಪೈ ಎಂಬ 35 ಡಾಲರಿನ ಒಂಟಿಹಲಗೆಯ ಕಂಪ್ಯೂಟರು ಹೊರಬಂದಿತು. ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸಬೇಕೆಂಬ ಉದ್ದೇಶದಿಂದ ಅದು ಹುಟ್ಟಿತಾದರೂ ಸಂಗೀತಪ್ರಿಯರು ಅದನ್ನು ಕೂಡಲೇ ಅಪಹರಿಸಿದರು. ಅದರ ಸ್ವಂತ ಧ್ವನಿನಿರ್ಗಮವು ತೀರ ಒರಟು. ಆದರೆ 1986ರಲ್ಲಿ ಫಿಲಿಪ್ಸ್ ಸಂಸ್ಥೆಯು ಸಿಡಿ ಪ್ಲೇಯರುಗಳ ಒಳಗಣ ಚಿಪ್ಪುಗಳು ಪರಸ್ಪರ ಮಾತನಾಡಲೆಂದು ರೂಪಿಸಿದ್ದ ಐ2ಎಸ್ ಎಂಬ ಸಂಪರ್ಕಮಾರ್ಗವು ಅದರ ಪಿನ್ನುಗಳಲ್ಲಿ ಲಭ್ಯವಿದ್ದಿತು. 2014ರಿಂದ ಈಚಿನ ಹಲಗೆಗಳಲ್ಲಿ ಈ ಪಿನ್ನುಗಳು ನಲವತ್ತು. ಅವುಗಳ ಮೇಲೆ ಡ್ಯಾಕ್ ಇರುವ ಇನ್ನೊಂದು ಚಿಕ್ಕ ಹಲಗೆಯನ್ನು ಒತ್ತಿ ಕೂರಿಸಿದರೆ, ಬೆಸುಗೆಯ ಗೊಡವೆಯಿಲ್ಲದೆ ಪ್ಲೇಯರು ಸಿದ್ಧ. ಮೆಮೊರಿ ಕಾರ್ಡಿನ ಮೇಲೆ ಪೈಕೋರ್‌ಪ್ಲೇಯರ್ ಎಂಬ ಉಚಿತ ತಂತ್ರಾಂಶವನ್ನು ಬರೆದು ಸಿಕ್ಕಿಸಿದೊಡನೆ ಅದು ಸರ್ವರಿನ ಕಣ್ಣಿಗೆ ಸಾಕ್ಷಾತ್ ಸ್ಕ್ವೀಜ್‌ಬಾಕ್ಸಿನಂತೆಯೇ ಕಾಣುತ್ತಿದ್ದಿತು.

ಬೆಂಗಳೂರಿನ ಎಸ್.ಪಿ. ರಸ್ತೆಯ ಇಕ್ಕಟ್ಟಾದ ಅಂಗಡಿಗಳಲ್ಲಿ ಈ ಹಲಗೆಗಳನ್ನು ಕೊಂಡು, ಅಜ್ಜನ ಕಾಲದ ಕ್ಯಾಸೆಟ್ಟುಗಳ ಕಚೇರಿಗಳನ್ನು ಫ್ಲ್ಯಾಕಿಗೆ ಇಳಿಸಿಕೊಂಡು, ಹಳೆಯ ಆಂಪ್ಲಿಫೈಯರಿಗೆ ಜೋಡಿಸಿಕೊಂಡವರು ನಮ್ಮಲ್ಲಿಯೂ ಇದ್ದಾರೆ. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಪ್ರಸಾರಯಂತ್ರವನ್ನು ಹೂಡಿ ಬಾನುಲಿಯನ್ನು ಆರಂಭಿಸಿದ ನಾಡಿಗೆ ಇಂತಹ ಗೃಹಪ್ರಯೋಗವು ಹೊಸದೆನ್ನಲಾಗದು.

ಈ ಸುಭಿಕ್ಷವೂ ಅಖಂಡವಾಗಿ ಉಳಿಯಲಿಲ್ಲ. 2021ರಲ್ಲಿ ಜಗತ್ತಿನಾದ್ಯಂತ ಚಿಪ್ಪುಗಳ ಅಭಾವವುಂಟಾಗಿ, 35 ಡಾಲರಿನ ಪೈ 4ರ ಬೆಲೆಯನ್ನು ಆ ವರ್ಷದ ಅಕ್ಟೋಬರಿನಲ್ಲಿ 45ಕ್ಕೆ ಏರಿಸಬೇಕಾಯಿತು. ಆ ಬೆಲೆಗಾದರೂ ಅದು ಅಂಗಡಿಗಳಲ್ಲಿ ದೊರೆಯುತ್ತಿರಲಿಲ್ಲ, ಕಾಳಸಂತೆಯ ದರವನ್ನು ಹೇಳುವುದೇ ಬೇಡ. ಪೈಗಾಗಿ ಕಾದು ಬೇಸತ್ತವರು ಕಚೇರಿಗಳಿಂದ ವಿಲೇವಾರಿಯಾದ, ಫ್ಯಾನಿಲ್ಲದ ಹಳೆಯ ಚಿಕ್ಕ ಕಂಪ್ಯೂಟರುಗಳನ್ನೂ, ನಿವೃತ್ತ ಸ್ಕ್ವೀಜ್‌ಬಾಕ್ಸುಗಳನ್ನೂ ಹುಡುಕತೊಡಗಿದರು. ಈ ಬರಗಾಲದ ನಡುವೆಯೇ ವಿಮ್ ಮಿನಿ ಎಂಬ, ನೂರು ಡಾಲರಿಗಿಂತ ಕಡಿಮೆ ಬೆಲೆಯ, ಹೊಂದಿಸುವ ತಾಪತ್ರಯವಿಲ್ಲದ ಸಿದ್ಧ ಪೆಟ್ಟಿಗೆಯೊಂದು ಮಾರುಕಟ್ಟೆಗೆ ಬಂದು, ಹಲಗೆಗಳನ್ನು ಒತ್ತಿ ಕೂರಿಸುವ ತಾಳ್ಮೆಯಿಲ್ಲದವರ ಮನೆಗಳನ್ನೆಲ್ಲ ಪ್ರವೇಶಿಸಿತು. ಅದರ ಒಳಗಣ ತಂತ್ರಾಂಶವು ಮುಕ್ತವಾದುದಲ್ಲ, ಅದರ ಬುದ್ಧಿಯೂ ಬಹುಪಾಲು ಅದರ ನಿರ್ಮಾಪಕರ ವಶದಲ್ಲಿಯೇ ಇದೆ. ಆದರೂ ಕೊಳ್ಳುವವರ ಒತ್ತಾಯವು ಎಷ್ಟು ಬಲವಾಗಿದ್ದಿತೆಂದರೆ, ಸ್ಲಿಮ್ ಡಿವೈಸಸ್ ಎಂಬ ಹೆಸರು ಮಾರುಕಟ್ಟೆಯಿಂದ ಮರೆಯಾಗಿ ಎಷ್ಟೋ ವರ್ಷಗಳಾದ ಮೇಲೆ, ಅದು ರೂಪಿಸಿದ ಸರ್ವರಿನ ಅಪ್ಪಣೆಗೆ ಕಿವಿಗೊಡುವ ಸೌಕರ್ಯವನ್ನು ವಿಮ್‌ನವರು ತಮ್ಮ ಪೆಟ್ಟಿಗೆಗಳಿಗೆ ಸೇರಿಸಿದರು.