ಬಿಷಪ್ಪರು ಗದರಲಿಲ್ಲ

ನೋಹನ ನಾವೆಯಲ್ಲಿ ಅಷ್ಟೊಂದು ಪ್ರಾಣಿಗಳಿಗೆ ಮೇವು ಎಲ್ಲಿತ್ತು ಎಂದು ಚಿಕ್ಕವಳಿದ್ದಾಗ ಸಂಡೇ ಸ್ಕೂಲಿನಲ್ಲಿ ಕೇಳಿದ್ದೆ. "ದೇವರ ವಾಕ್ಯಕ್ಕೇ ಎದುರು ಮಾತೇ?" ಎಂದು ಟೀಚರು ಗದರಿದರು. ಮತ್ತೆ ಬಾಯಿ ತೆರೆಯಲಿಲ್ಲ.

ಜಾನ್ ಕೊಲೆನ್ಸೊ ಅವರ ಬಗ್ಗೆ ಓದಿದಾಗ ಅದು ನೆನಪಾಯಿತು. ಇವರು ದಕ್ಷಿಣ ಆಫ್ರಿಕಾದ ನಟಾಲ್‌ನ ಮೊದಲ ಆಂಗ್ಲಿಕನ್ ಬಿಷಪ್. ಅದಕ್ಕೂ ಮೊದಲು ಗಣಿತದ ಮೇಷ್ಟರು. ಸತ್ಯವೇದವನ್ನು ಜುಲು ಭಾಷೆಗೆ ತರುವಾಗ ನೆರವಾಗುತ್ತಿದ್ದ ಜುಲು ಕ್ರೈಸ್ತ ವಿಲಿಯಂ ಎನ್‌ಗಿಡಿ, ಜಲಪ್ರಳಯದ ಭಾಗ ಬಂದಾಗ, ಇದೆಲ್ಲ ನಿಜವೇ ಎಂದು ಕೇಳಿದ. ಹೌದೆನ್ನಲು ಬಿಷಪ್ಪರ ಮನಸ್ಸು ಒಪ್ಪಲಿಲ್ಲ. ಮತ್ತೆ ಓದಿದರು, ಲೆಕ್ಕ ಹಾಕಿದರು. ಐಗುಪ್ತದಿಂದ ಹೊರಟ ಗಂಡಸರೇ 6 ಲಕ್ಷವಾದರೆ ಒಟ್ಟು ಜನ 20 ಲಕ್ಷ. ದಿನಕ್ಕೆ 264 ಹೆರಿಗೆ. ಪ್ರತಿ ಬಾಣಂತಿಯ ಹೆಸರಿನಲ್ಲಿ ಬಲಿಯಾದ ಪಾರಿವಾಳವನ್ನು ಯಾಜಕರೇ ತಿನ್ನಬೇಕು, ಇದ್ದವರು ಮೂವರು. ತಲೆಗೆ ದಿನಕ್ಕೆ 88! (ಬಾಣಂತಿಯರ ಲೆಕ್ಕವನ್ನು ಬಿಷಪ್ಪರೊಬ್ಬರು ಇಷ್ಟು ಶ್ರದ್ಧೆಯಿಂದ ಹಾಕಿದ್ದು ನನಗೆ ಬಹಳ ಹಿಡಿಸಿತು.)

1862ರಲ್ಲಿ ಪುಸ್ತಕ ಬಂತು, ಗದ್ದಲವೆದ್ದಿತು. 1863ರಲ್ಲಿ ಕೇಪ್‌ಟೌನಿನ ಬಿಷಪ್ ರಾಬರ್ಟ್ ಗ್ರೇ ಅವರನ್ನು ಪದವಿಯಿಂದ ತೆಗೆದರು. 1865ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಆ ತೀರ್ಪು ಊರ್ಜಿತವಲ್ಲ ಎಂದಿತು.

ಅವರು ನಂಬಿಕೆ ತೊರೆದರೆಂದು ತಿಳಿಯಬೇಡಿ. ಪ್ರಾರ್ಥನೆ, ಉಪದೇಶ ಬಿಡಲಿಲ್ಲ. 1874ರಲ್ಲಿ ಲಂಗಲಿಬಲೆಲೆ ಎಂಬ ನಾಯಕನನ್ನು ಸರ್ಕಾರ ಅನ್ಯಾಯವಾಗಿ ವಿಚಾರಣೆಗೆ ಗುರಿಮಾಡಿದಾಗ, ಹಳೆಯ ಸ್ನೇಹ ಮುರಿದರೂ ಆತನ ಪರ ನಿಂತರು. ಜುಲು ಜನ ಅವರನ್ನು ಸೊಬಾಂಟು, ಜನರ ತಂದೆ, ಎಂದು ಕರೆದರು. 1883ರಲ್ಲಿ ಅವರು ತೀರಿಕೊಂಡ ಮೇಲೆ ಜುಲು ಅರಸುಮನೆತನದ ಪರವಾಗಿ ಹೋರಾಡಿದವಳು ಮಗಳು ಹ್ಯಾರಿಯೆಟ್. ಆಕೆಯ ಕಥೆಯನ್ನು ಇನ್ನೊಮ್ಮೆ ಬರೆಯಬೇಕು.